ನಿಲ್ಲು ಅನ್ನುವುದಕ್ಕೆ ನಾನು ಕೊಟ್ಟ ಅಂಕಿ

ಎಂಬತ್ತರ ದಶಕದ ಕೊನೆಯ ಆ ವರ್ಷಗಳು ಅಂದರೆ ನನಗೆ ಮೊದಲು ನೆನಪಾಗುವುದು ಸೊಂಟನೋವು. ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೆ.ಜಿ.ಎಫ್.ನ ಕಾರ್ಖಾನೆಗೆ ಹೋಗುವುದು, ಸಂಜೆ ಮಾರಿಕುಪ್ಪಂ ಕಡೆಯಿಂದ ಬರುವ ಪ್ಯಾಸೆಂಜರಿನಲ್ಲಿ ವಾಪಸು. ನಡುವೆ ಎಂಟು ಗಂಟೆ ಕಂಪ್ಯೂಟರ್ ವಿಭಾಗದ ಕಬ್ಬಿಣದ ಕುರ್ಚಿ. ಆ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವ ಹೆಂಗಸು ನಾನೊಬ್ಬಳೇ. ಎಲ್ಲಿ ಎಡವುತ್ತಾಳೋ ಎಂದು ಕಾದು ಕೂತವರಿಗೇನೂ ಕೊರತೆ ಇರಲಿಲ್ಲ.

ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಬಂತು. ಅದರ ಜೊತೆ ಟೇಪಿನಲ್ಲಿ ಬಂದ ಸಿ ಭಾಷೆಯ ಲೈಬ್ರರಿ, ಅಂದರೆ ಸಿದ್ಧ ಫೈಲುಗಳ ಕಂತೆ, ಮಾತ್ರ ಅರೆಬರೆ. ಓಡುತ್ತಿರುವ ಪ್ರೋಗ್ರಾಮಿಗೆ ನಿಲ್ಲು, ಮುಂದುವರಿ, ಸಾಯಿ ಎಂದೆಲ್ಲ ಹೇಳಲು ಸಿಗ್ನಲ್‌ಗಳಿರುತ್ತವೆ. ನಾವು ಬರೆಯುವುದು ಹೆಸರು, ಸಿಸ್ಟಮ್ಮಿಗೆ ಗೊತ್ತಾಗುವುದು ಅಂಕಿ. ಯಾವ ಹೆಸರಿಗೆ ಯಾವ ಅಂಕಿ ಎಂದು ಹೇಳುವ ಫೈಲೇ ಟೇಪಿನಲ್ಲಿ ಇರಲಿಲ್ಲ. ಬದಲಿಗೆ ಸಿಸ್ಟಂ ಮಾರಿದ ಬೆಂಗಳೂರಿನ ಕಂಪನಿಯವರು ಒಂದು ಹಾಳೆ ಕಳಿಸಿದ್ದರು, ಜೆರಾಕ್ಸಿನ ಜೆರಾಕ್ಸು. “ಇದನ್ನ ನೋಡಿ ಟೈಪ್ ಮಾಡಿ ಮುಗಿಸಿಬಿಡಿ, ಅದೇನು ಮಹಾ” ಎಂದರು ನಮ್ಮ ಅಧಿಕಾರಿ. ಅವರಿಗೆ ಯಾವುದೂ ಮಹಾ ಅಲ್ಲ, ಮಾಡುವವರು ಬೇರೆಯವರು ತಾನೆ.

ಮೊದಲ ಸಾಲು, ಟರ್ಮಿನಲ್ಲಿನ ಸಂಪರ್ಕ ಕಡಿದಾಗ ಬರುವ ಸಿಗ್ನಲ್ಲು. ಅದಕ್ಕೆ ಒಂದು. ಅದು ಬಂದರೆ ಓಡುತ್ತಿದ್ದ ಪ್ರೋಗ್ರಾಂ ಸಾಯುತ್ತದೆ. ಹೀಗೇ ಸಾಲು ಸಾಲಾಗಿ ಇಳಿಯುತ್ತಾ ‘ನಿಲ್ಲು’ ಅನ್ನುವಲ್ಲಿಗೆ ಬಂದೆ. ಅಲ್ಲಿನ ಅಂಕಿ ಮಸಿಯಲ್ಲಿ ಮುಳುಗಿಹೋಗಿತ್ತು. ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿ ಕೇಳಬೇಕಿತ್ತು. ರೈಲಿಗೆ ಇಪ್ಪತ್ತು ನಿಮಿಷವಿತ್ತು, ಕಣ್ಣು ಉರಿಯುತ್ತಿತ್ತು. ಕೈ ತಾನಾಗಿಯೇ ಒಂದು ಎಂದು ಒತ್ತಿತು.

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನುಮನೆಯಲ್ಲಿ. ಅಪ್ಪ ಗಣಿಬಾವಿಯ ಬಾಯಲ್ಲಿ ನಿಂತು, ಆಳುಗಳ ಕೇಜನ್ನು ಇಳಿಸಿ ಏರಿಸುವ ಇಂಜಿನ್ ಡ್ರೈವರಿಗೆ ಬೆಲ್ಲು ಹೊಡೆಯುತ್ತಿದ್ದವರು. ಕೇಜು ಇಳಿಸಲು ಇಷ್ಟು ಬೆಲ್ಲು, ಒಳಗೆ ಆಳುಗಳಿದ್ದರೆ ಇಷ್ಟು ಎಂದು ಲೆಕ್ಕವಿತ್ತು. ಒಂದು ಬೆಲ್ಲು ಎಂದರೆ ನಿಲ್ಲು. ಓಡುವ ಆಟದಲ್ಲೂ ಯಾರಾದರೂ ತಟ್ಟೆಗೆ ಒಂದೇ ಸಲ ಬಡಿದರೆ ಲೈನಿನ ಮಕ್ಕಳೆಲ್ಲ ನಿಂತಲ್ಲೇ ನಿಲ್ಲುತ್ತಿದ್ದೆವು, ತಮಿಳರ ಮಕ್ಕಳು, ತೆಲುಗರ ಮಕ್ಕಳು, ನಾವು. ಬೇರೆ ಊರಿನವರಾಗಿದ್ದರೆ ಆ ಮಸಿ ಕಂಡು ಅನುಮಾನ ಪಡುತ್ತಿದ್ದರು. ನನಗೆ ಅನುಮಾನವೇ ಬರಲಿಲ್ಲ. ಎರಡು ಹೆಸರಿಗೆ ಒಂದೇ ಅಂಕಿ ಕೊಟ್ಟರೂ, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಕಮಕ್ ಕಿಮಕ್ ಅನ್ನಲಿಲ್ಲ. ಪರೀಕ್ಷೆಗೆಂದು ಸಣ್ಣ ಪ್ರೋಗ್ರಾಂ ಓಡಿಸಿ ಸಿಗ್ನಲ್ ಕಳಿಸಿದೆ. ಪರದೆ ಸುಮ್ಮನಾಯಿತು. ನಿಂತಿದೆಯೋ ಸತ್ತಿದೆಯೋ ನೋಡದೆ ಬ್ಯಾಗು ಎತ್ತಿಕೊಂಡು ಸ್ಟೇಷನ್ನಿಗೆ ಓಡಿದೆ.

ಯಂತ್ರ ನೋಡಿಕೊಳ್ಳಲು ಒಬ್ಬಳು ಆಪರೇಟರ್ ಇದ್ದಳು. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ನನ್ನ ಜೊತೆಗೇ ರೈಲು ಹತ್ತುತ್ತಿದ್ದಳು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ತಿಂಗಳ ಕೊನೆಗೆ ತೀರ್ಮಾನ. ಆಗದಿದ್ದರೆ ಹಸು ನೋಡಿಕೊಂಡು ಮನೆಯಲ್ಲಿರು ಎಂದು ಅವರಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಮುಂದಿನ ವಾರ ಬಿಡಿಭಾಗಗಳ ಪಟ್ಟಿ ತಯಾರಿಸುವ ಪ್ರೋಗ್ರಾಂ ಎರಡು ದಿನದಿಂದ ಓಡುತ್ತಿತ್ತು. ನಡುವೆ ಡಿಸೈನ್ ವಿಭಾಗದವರಿಗೆ ಯಂತ್ರ ಬೇಕಾಯಿತು. ಅವಳು ನಾನು ಬರೆದುಕೊಟ್ಟ ಆಜ್ಞೆಯಿಂದಲೇ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿದಳು. ಊಟವಾದ ಮೇಲೆ ಮುಂದುವರಿಸಲು ಹೋದರೆ ಅಲ್ಲಿ ಏನೂ ಉಳಿದಿರಲಿಲ್ಲ. ಎರಡು ದಿನದ ಕೆಲಸ ನೀರಲ್ಲಿ ಹೋಮ.

“ಏನಮ್ಮಾ ಒತ್ತಿದೆ? ಕೊಂದೇ ಹಾಕಿದೀಯಲ್ಲ!” ಎಂದು ಅಧಿಕಾರಿ ಕೂಗಾಡಿದರು.

“ನಿಲ್ಸಕ್ಕೇ ಕೊಟ್ಟಿದ್ದು ಸಾರ್. ಬೇರೆ ಏನೂ ಒತ್ತಿಲ್ಲ” ಎಂದಳು ಅವಳು.

“ಮೇಲೆ ಸುಳ್ಳು ಬೇರೆ” ಎಂದವರೇ ಅವಳ ಮೇಲೆ ವರದಿ ಬರೆಯಲು ಕೂತರು.

ನಾನು ಫೈಲು ತೆಗೆದು ನೋಡಿದೆ. ಎರಡು ಕಡೆ ಒಂದು ಇತ್ತು. ಬೆಂಗಳೂರಿಗೆ ಫೋನು ಮಾಡಿ ಸರಿಯಾದ ಅಂಕಿ ಕೇಳಿ, ಸಂಜೆ ಹೊರಡುವ ಮುಂಚೆ ತಿದ್ದಿದೆ. ಬಾಯಿ ಮಾತ್ರ ಬಿಡಲಿಲ್ಲ. ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎಂಬ ಮಾತು ಯಾರ್ಯಾರ ನಾಲಿಗೆ ತುದಿಯಲ್ಲಿದೆ ಎಂದು ನನಗೆ ಗೊತ್ತಿತ್ತು. ಹೆದರಿದೆ. ದಣಿದಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ದಣಿದಿದ್ದದ್ದೇನೋ ನಿಜ, ಆದರೆ ಸುಮ್ಮನಿದ್ದದ್ದು ಹೆದರಿಕೆಯಿಂದ.

ಮೂರನೆಯ ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಈ ವಿಷಯ ಯಾರದೋ ಎಂಬಂತೆ ಅಪ್ಪನಿಗೆ ಹೇಳಿದೆ. ಕೆಲಸದಿಂದ ನಿವೃತ್ತರಾಗಿ ಅವರು ಆಗ ನಮ್ಮೊಂದಿಗೇ ಇದ್ದರು.

“ನಮ್ ಗಣಿಯಾಗೆ ಬೆಲ್ಲು ತಪ್ಪು ಒಡೆದೋನು ‘ನಾನೇ ಒಡೆದಿದ್ದು’ ಅಂತ ಬಾಯ್ಬಿಡೋ ಗಂಟ ಇಂಜಿನ್ ಡ್ರೈವರು ಕೇಜ್ ಅಲ್ಲಾಡಿಸ್ತಿರಲಿಲ್ಲ ಕಣಮ್ಮ” ಎಂದರು. “ಬೈಯೋದು ಗಿಯೋದೆಲ್ಲ ಆಮೇಲೆ. ಒಳಗಿರೋರು ಕತ್ತಲಾಗೆ ನೇತಾಡ್ತಿರ್ತಾರಲ್ಲ.” ಮುದ್ದೆ ಮುರಿದು ಸಾರಿಗೆ ಅದ್ದಿ ನನ್ನ ಮುಖ ನೋಡಿದರು. “ಯಾರಮ್ಮ ಒಡೆದಿದ್ದು?”

“ನಾನೇ ಅಪ್ಪ” ಎಂದೆ. ಅವರು ಊಟ ಮುಂದುವರಿಸಿದರು.

ಮಾರನೆಯ ದಿನ ಅಧಿಕಾರಿಯ ಮುಂದೆ ನಿಂತು ತಪ್ಪು ನನ್ನದು ಎಂದೆ. “ಈಗ ಸರಿ ಹೋಗಿದೆಯಲ್ಲ, ಮತ್ಯಾಕೆ ಕೆದಕೋದು” ಎಂದರು. ನನಗೆ ರೇಗಿಹೋಯಿತು. ತಪ್ಪು ಒಪ್ಪಿಕೊಂಡು ಬರೆದ ಕಾಗದವನ್ನು ಅವರ ಮೇಜಿನ ಮೇಲಿಟ್ಟು, ಅವಳ ಮೇಲಿನ ವರದಿಯನ್ನು ಅವರು ಹರಿದುಹಾಕುವವರೆಗೆ ಅಲ್ಲಿಂದ ಕದಲಲಿಲ್ಲ. ನಾನು ಕಾಯುತ್ತಿದ್ದ ಬಡ್ತಿ ಆ ವರ್ಷ ಬರಲಿಲ್ಲ.

ಅಂದು ಸಂಜೆ ರೈಲಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಅಳಬಹುದು, ಕೈ ಹಿಡಿದುಕೊಳ್ಳಬಹುದು ಎಂದು ಒಳಗೊಳಗೇ ನಿರೀಕ್ಷಿಸಿದ್ದೆ ಎನ್ನಲು ಈಗಲೂ ನಾಚಿಕೆಯಾಗುತ್ತದೆ.

“ನಂಗೊತ್ತಿತ್ತು ಅಕ್ಕಾ” ಎಂದಳು. “ಅವತ್ತು ಮಧ್ಯಾಹ್ನಾನೇ ಫೈಲ್ ತೆಗೆದು ನೋಡಿದ್ದೆ, ಎರಡು ಕಡೆ ಒಂದು ಇತ್ತು. ಮಾರನೇ ದಿನ ನೋಡಿದ್ರೆ ತಿದ್ದಿದ್ರಿ. ಇವತ್ತು ಏಳ್ತಾರೆ, ಇವತ್ತು ಏಳ್ತಾರೆ ಅಂತ ದಿನಾ ನಿಮ್ ಪಕ್ಕದಾಗೇ ಬಂದೆ.”

“ನೀನೇ ಹೇಳಬಹುದಿತ್ತಲ್ಲೇ?”

“ಎಂಗೇಳ್ಲಿ? ಕೆಲ್ಸ ಕಲಿಸಿದೋರು ನೀವು.”

ತಿಂಗಳ ಕೊನೆಗೆ ಅವಳ ಕೆಲಸ ಖಾಯಂ ಆಯಿತು. ಅಷ್ಟು ಹೊತ್ತಿಗಾಗಲೇ ಅವಳು ಬೇರೆ ಬೋಗಿ ಹತ್ತಲು ಶುರುಮಾಡಿದ್ದಳು.