ಇಲ್ಲದ ಕೆಲಸಗಳ ಪುಟ

ಆಸ್ಪತ್ರೆಯ ಮಂಚ, ಸ್ಟ್ರೆಚರ್, ಔಷಧಿ ತಳ್ಳಿಕೊಂಡು ಬರುವ ಗಾಡಿ, ಇವುಗಳ ಕಾಲಿಗೆ ಪುಟ್ಟ ಪುಟ್ಟ ಚಕ್ರಗಳಿರುತ್ತವಲ್ಲ, ಅವನ್ನು ಮಾಡುವ ಕಂಪನಿ ಅದು. ಮುಂದೆ ಆಫೀಸು, ಹಿಂದೆ ಶೆಡ್ಡು, ಎರಡರ ನಡುವೆ ಬೆಳಕಿಲ್ಲದ ಒಂದು ಸ್ಟೋರು. ಫೋನ್ ಎತ್ತುವುದಕ್ಕೆಂದು ಆಫೀಸಿಗೆ ಸೇರಿದ ಹೆಂಗಸು ಕೊನೆಗೆ ಕಂಪನಿಯ ವೆಬ್‌ಸೈಟ್ ನೋಡಿಕೊಳ್ಳುವವಳಾದದ್ದಕ್ಕೆ ಕಾರಣ ಅವಳ ಕುರ್ಚಿ. ಕುರ್ಚಿ ಸ್ಟೋರಿನ ಬಾಗಿಲ ಪಕ್ಕದಲ್ಲಿತ್ತು. ಸೈಟು ಓಡುವ ಮೆಷಿನ್ ಸ್ಟೋರಿನೊಳಗಿತ್ತು. ಅದು ನಿಂತಾಗೆಲ್ಲ ಎದ್ದು ಹೋಗಿ ಸ್ವಿಚ್ ಒತ್ತುತ್ತಿದ್ದವಳು ಇವಳೇ.

ಸೈಟನ್ನು ಬೇರೆಯವರ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇಡುವುದು ಎಲ್ಲರ ರೂಢಿ. ಆದರೆ ಯಜಮಾನರಿಗೆ ಬಾಡಿಗೆ ಎಂಬ ಮಾತೇ ಆಗಿಬರದು. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು ಎನ್ನುತ್ತಿದ್ದರು. ಅದಕ್ಕೇ ಅವರ ಅಕ್ಕನ ಮಗ ಕಂಪನಿಯದೇ ಒಂದು ಮೆಷಿನ್ ತಂದು, ಚಕ್ರದ ಡಬ್ಬಗಳ ಮಧ್ಯೆ ಜಾಗ ಮಾಡಿ ಕೂರಿಸಿದ. ಸೈಟು ಕಟ್ಟಿದ, ಅವಳಿಗೆ ನಾಲ್ಕು ಮಾತು ಹೇಳಿಕೊಟ್ಟ, ಮದುವೆಯಾಗಿ ಮಾವನ ಬೇಕರಿ ನೋಡಿಕೊಳ್ಳಲು ಹೊರಟುಹೋದ.

ಅವಳು ಮಿಕ್ಕದ್ದನ್ನು ತಾನೇ ಕಲಿತಳು. ಹೊಸ ಚಕ್ರ ಬಂದರೆ ಫೋಟೋ ಹಾಕುವುದು, ನಿಲ್ಲಿಸಿದ ಚಕ್ರವನ್ನು ತೆಗೆಯುವುದು, ವಾರಕ್ಕೊಮ್ಮೆ ಎಲ್ಲದರ ಬ್ಯಾಕಪ್ ತೆಗೆದಿಡುವುದು. ಶೆಡ್ಡಿನವರು ಅವಳನ್ನು ಸೈಟಕ್ಕ ಅಂತ ಕರೆಯತೊಡಗಿದರು. ಹೆಸರು ಅಂಟಿಕೊಂಡಿತು. ನೆಂಟರಿಷ್ಟರಲ್ಲಿ ಯಾರಾದರೂ ಕೆಲಸವೇನು ಅಂತ ಕೇಳಿದಾಗ ಅವಳ ಅತ್ತೆ ಹೆಮ್ಮೆಯಿಂದ, ನಮ್ಮ ಸೊಸೆ ಕಂಪನಿಯ ಸೈಟು ನೋಡಿಕೊಳ್ಳುತ್ತಾಳೆ ಎನ್ನುವರು. ಕೇಳಿದವರು ತಕ್ಷಣ, ಎಷ್ಟುದ್ದ ಎಷ್ಟಗಲ, ಯಾವ ದಿಕ್ಕಿಗಿದೆ ಎಂದು ವಿಚಾರಿಸುವರು. ಅತ್ತೆಗೂ ಅದರಲ್ಲಿ ಪೂರ್ತಿ ಸ್ಪಷ್ಟತೆ ಇರಲಿಲ್ಲ.

ಒಂದೇ ಒಂದು ಕೆಲಸಕ್ಕೆ ಸೈಟಕ್ಕ ಹೆದರುತ್ತಿದ್ದಳು. ಆಗಾಗ ಪರದೆಯ ಮೇಲೆ ಕೆಂಪಗೆ ಒಂದು ಸೂಚನೆ ಬರುತ್ತಿತ್ತು: ಹೊಸ ವರ್ಷನ್ ಬಂದಿದೆ, ಅಪ್‌ಗ್ರೇಡ್ ಮಾಡಿ. ಹಿಂದೊಮ್ಮೆ ಅದನ್ನು ನಂಬಿ ಒತ್ತಿದ್ದಕ್ಕೆ ಇಡೀ ಸೈಟು ಬೆಳ್ಳಗಾಗಿ, ಸೋದರಳಿಯ ಬೇಕರಿಯಿಂದ ಓಡಿಬಂದು ಸರಿಮಾಡಿದ್ದ. ಓಡ್ತಿರೋದನ್ನ ಯಾಕೆ ಕೆಣಕ್ತೀರಿ ಅಂತ ಯಜಮಾನರು ಗದರಿದ್ದರು. ಅಂದಿನಿಂದ ಅವಳು ಆ ಸೂಚನೆಯನ್ನು ನೋಡಿಯೂ ನೋಡದವಳಂತೆ ಇದ್ದುಬಿಟ್ಟಳು. ಎಷ್ಟೋ ಕಾಲದ ಮೇಲೆ ಅದು ತಾನಾಗಿಯೇ ಬರುವುದು ನಿಂತಿತು. ಅದಕ್ಕೂ ಬೇಜಾರು ಬಂದಿರಬೇಕು ಅಂದುಕೊಂಡು ಅವಳು ನಿರಾಳವಾದಳು. ಆಮೇಲೆ ಸೈಟು ಒಂದು ದಿನವೂ ಬೀಳಲಿಲ್ಲ. ಮೊದಲೆಲ್ಲ ಬೇಡದ ಫೈಲುಗಳಿಂದ ಮೆಷಿನ್ನಿನ ಹೊಟ್ಟೆ ತುಂಬಿ ಮುಷ್ಕರ ಹೂಡುತ್ತಿದ್ದದ್ದೂ ನಿಂತಿತು. ಪಕ್ಕದ ಕಂಪನಿಯವರ ಸೈಟು ಬಿದ್ದಾಗ ಯಜಮಾನರು, ನಮ್ಮ ಸೈಟಕ್ಕನ್ನ ನೋಡಿ ಕಲೀರಿ ಅಂತ ಹೇಳಿ ಬಂದಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ಆಫೀಸಿನ ನೆಲ ಒರೆಸಿ ಇನ್ನೂ ಒಣಗಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಗಂಡಸು ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ದೊಡ್ಡ ಬ್ಯಾಗು. ಒದ್ದೆ ನೆಲ ತುಳಿಯಬಾರದೆಂದು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ. ಸೈಟಕ್ಕನನ್ನು ಕಂಡವನೇ ಪರಿಚಯದ ಮುಖ ಕಂಡವನಂತೆ ಅರಳಿದ.

"ನೀವೇ ಅಲ್ವಾ ಮೇಡಂ? ಫೋಟೋದಲ್ಲಿ ನೋಡಿದ್ದೆ. ಇವತ್ತು ಬಂದು ಸೇರ್ಕೊಳ್ಳಿ ಅಂದಿದ್ರಿ."

ಅವನು ವೆಲ್ಡರ್. ಗೇಟು ಗ್ರಿಲ್ಲು ಮಾಡುವ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದವನು. ಈ ಕಂಪನಿಯಲ್ಲಿ ವೆಲ್ಡರುಗಳು ಬೇಕೆಂದು ನೋಡಿ ಅರ್ಜಿ ಹಾಕಿದ್ದ. ಫೋನಿನಲ್ಲಿ ಸಂದರ್ಶನ ಆಗಿತ್ತು, ಸಮವಸ್ತ್ರಕ್ಕೂ ತರಬೇತಿಗೂ ಅಂತ ದುಡ್ಡು ಕಟ್ಟಿಸಿಕೊಂಡಿದ್ದರು. ಹಳೆಯ ಕೆಲಸ ಬಿಟ್ಟು, ಹೆಂಡತಿ ಮಕ್ಕಳಿಗೆ ಆಮೇಲೆ ಕರೆಸಿಕೊಳ್ಳುತ್ತೇನೆಂದು ಹೇಳಿ ಬಂದಿದ್ದ.

ಸೈಟಕ್ಕ ಕನಿಕರದಿಂದಲೇ ಹೇಳಿದಳು, ಇಲ್ಲಿ ಯಾವ ಕೆಲಸವೂ ಖಾಲಿಯಿಲ್ಲ, ಯಾರೋ ನಮ್ಮ ಹೆಸರಿನಲ್ಲಿ ಸುಳ್ಳು ಸೈಟು ಮಾಡಿ ಆಟ ಆಡಿಸಿದ್ದಾರೆ ಅಂತ. ಅವನು ತಲೆ ಅಲ್ಲಾಡಿಸಿದ. ಜಗಳಕ್ಕೆ ನಿಂತವನ ಹಾಗೆ ಅಲ್ಲ, ಲೆಕ್ಕ ತಪ್ಪಿದ್ದನ್ನು ತಿದ್ದುವವನ ಹಾಗೆ.

"ಮೋಸ ಇರುತ್ತೆ ಅಂತ ನಂಗೂ ಗೊತ್ತು ಮೇಡಂ. ಅದಕ್ಕೇ ಅಡ್ರೆಸ್ಸನ್ನ ಅಕ್ಷರ ಅಕ್ಷರ ನೋಡಿದೀನಿ. ನಿಮ್ಮದೇ."

ಫೋನ್ ಮುಂದೆ ಹಿಡಿದ. ಮೇಲ್ಗಡೆ ಕಂಪನಿಯ ಹೆಸರು, ಚಕ್ರದ ಚಿಹ್ನೆ, ಅವಳು ದಿನಾ ಟೈಪು ಮಾಡುವ ಅದೇ ವಿಳಾಸ. ಕೆಳಗೆ ನೇಮಕಾತಿ ಎಂಬ ಪುಟ. ಅದರ ಪಕ್ಕದಲ್ಲಿ ಅವಳದೇ ಮುಖ, ಕನ್ನಡಕ ತುಸು ಜಾರಿ, ನಗುತ್ತಿತ್ತು. ಮುಖದಡಿ ಬರೆದಿತ್ತು: ನೇಮಕಾತಿ ವಿಭಾಗದ ಮುಖ್ಯಸ್ಥೆ. ಅದು ನಮ್ಮ ಸಿಬ್ಬಂದಿ ಎಂಬ ಪುಟಕ್ಕೆ ಅವಳೇ ಹಾಕಿದ್ದ ಗುಂಪು ಫೋಟೋದಿಂದ ಕತ್ತರಿಸಿಕೊಂಡ ತುಂಡು. ಭುಜದ ಮೇಲೆ ಪಕ್ಕದವರ ಅರ್ಧ ಕೈ ಇನ್ನೂ ಉಳಿದಿತ್ತು.

ಕಾಲ ಕೆಳಗಿನ ನೆಲ ಒದ್ದೆಯಾಗಿದೆ ಎಂಬುದೊಂದೇ ಅವಳಿಗೆ ಆ ಹೊತ್ತಿನಲ್ಲಿ ಗೊತ್ತಾಗುತ್ತಿದ್ದದ್ದು.

ಅಷ್ಟರಲ್ಲಿ ಯಜಮಾನರು ಬಂದರು. ಸೈಟಕ್ಕ ಸಾವರಿಸಿಕೊಂಡು ತನ್ನ ಕಂಪ್ಯೂಟರಿನಲ್ಲಿ ಆ ನೇಮಕಾತಿ ಪುಟದ ವಿಳಾಸ ಒತ್ತಿದಳು. ಈ ಪುಟ ಇಲ್ಲ ಎಂದು ಬಂತು. ಮತ್ತೆ ಒತ್ತಿದಳು, ಇಲ್ಲ. ಯಜಮಾನರು ವೆಲ್ಡರನನ್ನು ಮೇಲಿಂದ ಕೆಳಗೆ ನೋಡಿ, ಯಾರು ಕಳಿಸಿದ್ದು ನಿನ್ನನ್ನ ಎಂದು ತಣ್ಣಗೆ ಕೇಳಿದರು. ಅವನು ಮತ್ತೆ ಫೋನ್ ತೋರಿಸಿದ, ಅದರಲ್ಲಿ ಪುಟ ಇತ್ತು. ಆಫೀಸಿನ ವೈಫೈಗೆ ಫೋನ್ ಸೇರಿಸಿ ನೋಡಿ ಅಂತ ಸೈಟಕ್ಕ ಹೇಳಿದಳು. ಸೇರಿಸಿದ ಕೂಡಲೇ ಅವನ ಫೋನಿನಲ್ಲೂ ಪುಟ ಮಾಯ. ಅವನ ಮುಖ ಬಿಳಿಚಿಕೊಂಡಿತು. ಈಗ ತಾನೇ ಇತ್ತು, ನೀವೂ ನೋಡಿದ್ರಲ್ಲ ಮೇಡಂ ಎಂದು ಬಡಬಡಿಸಿದ. ಅವಳು ತನ್ನ ಫೋನಿನ ವೈಫೈ ತೆಗೆದು ಬರೀ ಮೊಬೈಲ್ ಸಿಗ್ನಲ್ಲಿನಲ್ಲಿ ನೋಡಿದಳು. ಅಲ್ಲಿ ಅವಳ ಮುಖ ನಗುತ್ತ ಕೂತಿತ್ತು.

ಆಗ ಅರ್ಥವಾಯಿತು. ಆ ಪುಟ ಹೊರಗಿನವರಿಗೆಲ್ಲ ಕಾಣುತ್ತಿತ್ತು, ಈ ಆಫೀಸಿನಿಂದ ನೋಡುವವರಿಗೆ ಮಾತ್ರ ಕಾಣದಂತೆ ಯಾರೋ ಜಾಣತನದಿಂದ ಕಟ್ಟಿದ್ದರು. ಅದು ಬೇರೆಲ್ಲೂ ಇರಲಿಲ್ಲ. ಅವಳ ಬೆನ್ನ ಹಿಂದಿನ ಬಾಗಿಲಾಚೆ, ಅವಳೇ ಧೂಳು ಒರೆಸುತ್ತಿದ್ದ ಮೆಷಿನ್ನಿನಲ್ಲೇ ಇತ್ತು.

ಸ್ಟೋರಿಗೆ ಹೋಗಿ ಮೆಷಿನ್ ಎದುರು ಕೂತಳು. ಎಷ್ಟು ಹಳೆಯದಾಗಿದೆಯೋ, ಯಾವ ಕಿಂಡಿಯಿಂದ ನುಗ್ಗಿದರೋ ನೋಡೋಣವೆಂದು ವರ್ಷನ್ ತೆಗೆದರೆ ಅದು ತೀರಾ ಹೊಸದು. ಅವಳು ಮುಟ್ಟಲು ಹೆದರಿದ್ದ ಅಪ್‌ಗ್ರೇಡುಗಳೆಲ್ಲ ಒಂದೂ ತಪ್ಪದೆ ಆಗಿದ್ದವು. ಕಸ ತುಂಬದಂತೆ ವಾರವಾರ ಗುಡಿಸುವ ವ್ಯವಸ್ಥೆಯೂ ಇತ್ತು. ಸೋದರಳಿಯನೇ ದೂರದಿಂದ ಮಾಡಿರಬೇಕೆಂದು ಫೋನ್ ಮಾಡಿದಳು. "ಅಕ್ಕಾ, ಆ ಪಾಸ್‌ವರ್ಡ್ ಮರೆತು ಯಾವ ಕಾಲ ಆಯ್ತು" ಎಂದು ಅವನು ನಕ್ಕ. ಕಾರಣ ಕೇಳಿದ ಮೇಲೆ ನಗು ನಿಂತಿತು. ಅವನು ಹೇಳಿದ, ಅಪ್‌ಗ್ರೇಡ್ ಆಗದೆ ಉಳಿದ ಕಿಂಡಿಯಿಂದ ಒಳಗೆ ಹೊಕ್ಕ ಕಳ್ಳ ಬೇರೆ ಕಳ್ಳರು ಬರಬಾರದೆಂದು ಬಾಗಿಲು ಭದ್ರ ಮಾಡಿಕೊಂಡಿದ್ದಾನೆ, ಸೈಟು ಬಿದ್ದರೆ ಅವನ ವ್ಯಾಪಾರವೂ ಬೀಳುತ್ತದಲ್ಲ.

ಅವಳು ಫೋನ್ ಇಟ್ಟು ಡಬ್ಬಗಳ ಮೇಲೆ ಕೈಯೂರಿ ಕೂತಳು. ಕೆಂಪು ಸೂಚನೆ ಯಾಕೆ ನಿಂತಿತ್ತೆಂದು ಈಗ ತಿಳಿಯಿತು. ಇಷ್ಟು ದಿನ ಸೈಟು ನೋಡಿಕೊಂಡವನು ಅವನು. ಹೊಗಳಿಸಿಕೊಂಡವಳು ಇವಳು. ದುಃಖವೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ. ಮೈ ಮಾತ್ರ ತಣ್ಣಗಾಗಿ ಹೋಗಿತ್ತು. ಮನೆಯ ಅಟ್ಟದಲ್ಲಿ ಯಾರೋ ವರ್ಷಗಟ್ಟಲೆ ಸಂಸಾರ ಮಾಡಿಕೊಂಡಿದ್ದರು ಅಂತ ಗೊತ್ತಾದರೆ ಆಗುವ ಹಾಗೆ.

ಎದ್ದು ಮೆಷಿನ್ನಿನ ವೈರು ಕಿತ್ತಳು. ಗುಂಯ್ ಅನ್ನುತ್ತಿದ್ದ ಸದ್ದು ನಿಂತಿತು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರ ಮುಖವೂ ಇಳಿದಿತ್ತು.

"ಆಸ್ಪತ್ರೆಯೋರ ಕಿವಿಗೆ ಬಿದ್ರೆ ನಮ್ಮ ಚಕ್ರ ಯಾರು ತಗೋತಾರೆ? ಸದ್ದಿಲ್ದೆ ಆ ಪುಟ ಅಳಿಸಿಬಿಡಿ."

"ಅಳಿಸಿದ್ರೆ ಪುಟ ಹೋಗುತ್ತೆ ಸಾರ್. ಬರೋರು ಬರ್ತಾನೇ ಇರ್ತಾರೆ."

ವೆಲ್ಡರ್ ಆಗ ಬಾಯಿಬಿಟ್ಟ. ತಾನೊಬ್ಬನೇ ಅಲ್ಲ, ಆಯ್ಕೆಯಾದವರದೇ ಒಂದು ಗುಂಪು ಫೋನಿನಲ್ಲಿದೆ, ನಾಳೆಯಿಂದ ದಿನಕ್ಕಿಬ್ಬರಂತೆ ಬರಲು ಹೇಳಿದ್ದಾರೆ ಎಂದ. ಗುಂಪಿನಲ್ಲಿ ಬರೆದರೆ ಕಳ್ಳ ಅಳಿಸಿಬಿಡುತ್ತಾನೆ, ಅದರ ಹಿಡಿತ ಅವನ ಕೈಯಲ್ಲಿದೆ. ಹಾಗಾಗಿ ಒಬ್ಬೊಬ್ಬರಿಗೇ ಫೋನ್ ಮಾಡಬೇಕಾಯಿತು. ವೆಲ್ಡರ್ ನಂಬರು ಒತ್ತಿ ಕೊಡುವುದು, ಸೈಟಕ್ಕ ಮಾತಾಡುವುದು. ಒಬ್ಬ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟ. ಒಬ್ಬ ಅವಳನ್ನೇ ಕಳ್ಳಿ ಎಂದು ಬೈದ. ಗಂಡನ ಫೋನ್ ಎತ್ತಿಕೊಂಡ ಒಬ್ಬಾಕೆಯಂತೂ ಸೈಟಕ್ಕ ಕಂಪನಿಯ ಹೆಸರು ಹೇಳುತ್ತಿದ್ದಂತೆ ಮುಂದಕ್ಕೆ ಬಿಡಲೇ ಇಲ್ಲ.

"ಮೇಡಂ, ನೀವೇ ಫೋನ್ ಮಾಡಿದ್ರಾ? ನಮ್ಮೆಜಮಾನ್ರು ಬೇಡ ಅಂತಿದ್ರು. ನಿಮ್ಮ ಮುಖ ನೋಡಿ ನಾನೇ ದುಡ್ಡು ಕಟ್ಸಿದ್ದು."

ಅಷ್ಟು ಖುಷಿಯಾಗಿ ಮಾತಾಡುವವಳಿಗೆ ಸೈಟಕ್ಕ ಸುದ್ದಿಯನ್ನು ಎರಡು ಸಲ ಹೇಳಬೇಕಾಯಿತು. ಆಮೇಲೆ ವೆಲ್ಡರ್ ಮುಂದಿನ ನಂಬರು ಒತ್ತಿ ಕೊಟ್ಟ.

ಸಂಜೆ ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಹೆಣಿಗೆ ಕೆಳಗಿಟ್ಟರು. ಸೈಟು ಎಂದರೆ ಏನೆಂದು ಅವರಿಗೆ ಅಂದು ಮೊದಲ ಸಲ ಸರಿಯಾಗಿ ತಿಳಿದಂತೆ ಕಂಡಿತು. ಆ ವೆಲ್ಡರ್ ಈಗೆಲ್ಲಿದ್ದಾನೆ ಎಂದು ಕೇಳಿದರು. ಶೆಡ್ಡಿನವರೊಬ್ಬರ ಮನೆಯಲ್ಲಿ ಮಲಗಲು ವ್ಯವಸ್ಥೆ ಮಾಡಿದ್ದೇನೆ ಎಂದಳು. "ನಾಳೆ ಅವನ ಜೊತೆ ಹೋಗು. ಬಿಟ್ಟ ಕೆಲಸಕ್ಕೆ ಒಬ್ಬನೇ ಹೋಗಿ ನಿಂತ್ರೆ ಯಾರು ನಂಬ್ತಾರೆ?" ಅಂದರು ಅತ್ತೆ.

ಹೋದಳು. ಬೆಳಿಗ್ಗೆ ಯಜಮಾನರಿಗೆ ರಜೆಯ ಮಾತು ಹೇಳುವಾಗಲೇ ಇನ್ನಿಬ್ಬರು ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದರು, ಅವರಿಗೆ ಫೋನ್ ತಲುಪಿರಲಿಲ್ಲ. ಅವರನ್ನು ಕಂಡ ಮೇಲೆ ಯಜಮಾನರು ಮುಚ್ಚಿಡುವ ಮಾತೆತ್ತಲಿಲ್ಲ. ತಾವೇ ಪೊಲೀಸ್ ಠಾಣೆಗೆ ಹೊರಟರು.

ವೆಲ್ಡರನ ಹಳೆಯ ವರ್ಕ್‌ಶಾಪಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ವರ್ಕ್‌ಶಾಪಿನ ಮಾಲೀಕ ಕಿಡಿ ಹಾರುವ ಕಡೆಯಿಂದ ಎದ್ದು ಬಂದು, ಏನಪ್ಪಾ ದೊಡ್ಡ ಕಂಪನಿಯೋನೇ ಎಂದ. ಸೈಟಕ್ಕ ತಾನು ಯಾರೆಂದು ಹೇಳಿ, ತನ್ನ ಫೋಟೋ ತೋರಿಸಿಯೇ ಇವರಿಗೆ ಮೋಸ ಮಾಡಿದ್ದು, ಇವರ ತಪ್ಪು ಇಲ್ಲ ಎಂದು ಎಲ್ಲರೆದುರು ಹೇಳಿದಳು. ಮಾಲೀಕ ಗಲ್ಲ ಕೆರೆದುಕೊಳ್ಳುತ್ತ ಅವಳ ಮುಖವನ್ನೂ ಅವನ ಮುಖವನ್ನೂ ನೋಡಿದ. ಆ ಗ್ರಿಲ್ಲು ಅರ್ಧಕ್ಕೇ ನಿಂತಿದೆ, ಮುಗಿಸು ಹೋಗು ಎಂದ. ಕೆಲಸ ಉಳಿಯಿತು. ಅಂದಿನಿಂದ ಅಲ್ಲಿಯವರು ಅವನನ್ನು ಮ್ಯಾನೇಜರ್ರೇ ಎಂದು ಕರೆದು ನಗುವುದೂ ಉಳಿಯಿತು. ಕಟ್ಟಿದ ದುಡ್ಡು ಬರಲಿಲ್ಲ. ಪೊಲೀಸರು ಕಳ್ಳನ ಜಾಡು ಹಿಡಿದು ಹೋಗಿ ಯಾವುದೋ ದೂರದ, ಯಾರದೂ ಅಲ್ಲದ ವಿಳಾಸದಲ್ಲಿ ನಿಂತರು.

ಸೋದರಳಿಯ ಬೇಕರಿಗೆ ರಜೆ ಹಾಕಿ ಬಂದು ಅವಳ ಜೊತೆ ಕೂತ. ಮೆಷಿನ್ ಪೂರ್ತಿ ಅಳಿಸಿದರು. ಅವಳು ಜೋಪಾನವಾಗಿ ತೆಗೆದಿಟ್ಟ ಬ್ಯಾಕಪ್ಪುಗಳಲ್ಲಿ ಯಾವುದರಿಂದ ಈಚೆಗೆ ಕಳ್ಳನಿದ್ದಾನೆಂದು ಹೇಳುವಂತಿರಲಿಲ್ಲ. ಹಾಗಾಗಿ ಒಂದನ್ನೂ ಬಳಸದೆ, ಅಚ್ಚಾದ ಹಳೆಯ ಕ್ಯಾಟಲಾಗು ಮುಂದಿಟ್ಟುಕೊಂಡು ಪ್ರತಿ ಚಕ್ರದ ಅಳತೆ, ಎಷ್ಟು ಭಾರ ಹೊರುತ್ತದೆ ಎಂಬುದೆಲ್ಲ ಹೊಸದಾಗಿ ಟೈಪು ಮಾಡಿದಳು. ಮೊದಲ ಪುಟದ ನೆತ್ತಿಯ ಮೇಲೆ ನಡೆದದ್ದನ್ನು ಬರೆದಳು. ಯಜಮಾನರು ಓದಿ, ನಮ್ಮ ನಿರ್ಲಕ್ಷ್ಯದಿಂದ ಎಂಬ ಮಾತು ಬೇಕಾ ಎಂದು ಕೇಳಿದರು. ಬೇಕು ಎಂದಳು. ಇರಲಿ ಬಿಡಿ ಎಂದರು. ಒಂದು ಆಸ್ಪತ್ರೆಯವರು ಚಕ್ರ ತರಿಸುವುದನ್ನು ನಿಲ್ಲಿಸಿದರು, ಮಿಕ್ಕವರು ಕೇಳಿ ಸುಮ್ಮನಾದರು.

ಈಗ ಸೂಚನೆ ಬಂದ ದಿನವೇ ಅವಳು ಅಪ್‌ಗ್ರೇಡ್ ಮಾಡುತ್ತಾಳೆ. ಮಾಡುವಾಗ ಸೈಟು ಆಗಾಗ ಬೀಳುತ್ತದೆ. ಮೊದಲೇ ಚೆನ್ನಾಗಿತ್ತಲ್ಲ ಅನ್ನಲು ಯಜಮಾನರು ಬಾಯಿ ತೆರೆದು, ನೆನಪಾಗಿ ಮುಚ್ಚುತ್ತಾರೆ.

ಮಳೆಗಾಲ ಕಳೆದ ಮೇಲೆ ವೆಲ್ಡರನಿಂದ ಒಂದು ಸಂದೇಶ ಬಂತು. ಬರೀ ಒಂದು ವಿಳಾಸ, ಕೆಳಗೆ, ಮೇಡಂ ಇದು ನೋಡಿ ಎಂದಷ್ಟೇ. ಕೆಲಸವಿದೆಯೆಂದು ಎಲ್ಲೇ ಕಂಡರೂ ಅವನು ಈಗ ಪರೀಕ್ಷಿಸಿ ನೋಡುತ್ತಿದ್ದ. ಸೈಟಕ್ಕ ತೆರೆದಳು. ಕನ್ನಡಕದ ಗಾಜು ಮಾಡುವ ಯಾವುದೋ ಸಣ್ಣ ಕಂಪನಿ. ಅದೇ ನೇಮಕಾತಿ ಪುಟ, ಅದೇ ಸಾಲುಗಳು, ಪಕ್ಕದಲ್ಲಿ ಅವಳಿಗೆ ಪರಿಚಯವಿಲ್ಲದ ಒಬ್ಬ ಹೆಂಗಸು ನಗುತ್ತಿದ್ದಳು.

ಕಂಪನಿಯ ನಂಬರು ಹುಡುಕಿ ಫೋನ್ ಮಾಡಿದಳು. ಒಂದು ಹೆಣ್ಣುದನಿ ಎತ್ತಿಕೊಂಡಿತು. ನಿಮ್ಮಲ್ಲಿ ವೆಬ್‌ಸೈಟ್ ನೋಡಿಕೊಳ್ಳುವವರು ಯಾರು ಎಂದು ಸೈಟಕ್ಕ ಕೇಳಿದಳು. ನಾನೇ, ಯಾಕೆ ಎಂದಿತು ದನಿ, ತುಸು ಬಿಗುಮಾನದಿಂದ.

"ಒಂದು ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ" ಎಂದಳು ಸೈಟಕ್ಕ. "ಆಫೀಸಿನ ಕಂಪ್ಯೂಟರಲ್ಲಿ ಬೇಡ, ನಿಮ್ಮ ಫೋನಲ್ಲಿ ವೈಫೈ ತೆಗೆದು ನಾನು ಹೇಳೋ ವಿಳಾಸ ಒತ್ತಿ. ನಾನು ಲೈನಲ್ಲೇ ಇರ್ತೀನಿ."

ಅಕ್ಷರ ಅಕ್ಷರವಾಗಿ ಹೇಳಿದಳು. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಸೈಟಕ್ಕ ಫೋನನ್ನು ಕಿವಿಗೊತ್ತಿಕೊಂಡು, ಆಕೆ ಮಾತಾಡುವವರೆಗೆ ಕಾದಳು.