ಖಾಲಿ ಬಸ್ಸಿನ ಕಾವಲು

ನಮ್ಮ ತಿಕೋಟಾದಲ್ಲಿ ಖಾಲಿ ಬಸ್ಸನ್ನು ಯಾರೂ ನಂಬುವುದಿಲ್ಲ. ಖಾಲಿ ಇದ್ದರೆ ಅದು ಹೊರಡುವುದಿಲ್ಲ, ಹೊರಟರೂ ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ ಎಂದೇ ಲೆಕ್ಕ. ನಾನೂ ಹಾಗೇ ಬೆಳೆದವಳು.

ನನಗೆ ಬಬಲೇಶ್ವರದ ಶಾಲೆಯಲ್ಲಿ ನೌಕರಿ. ಅಲ್ಲಿಗೆ ಜೀಪುಗಳಿವೆ, ಆದರೆ ತುಂಬುವ ತನಕ ಕದಲುವುದಿಲ್ಲ. ಸಂಜೆಯಂತೂ ಒಂದೂ ಸಿಗುವುದಿಲ್ಲ. ಹಾಗಾಗಿ ವಿಜಯಪುರಕ್ಕೆ ಹೋಗಿ ಬಸ್ಸು ಬದಲಿಸಿ, ಸುತ್ತು ಹಾಕಿಕೊಂಡು ಓಡಾಡುತ್ತಿದ್ದೆ. ಹೊರಡುವಾಗ ಮಗಳು ಮಲಗಿರುತ್ತಿದ್ದಳು, ಬಂದಾಗಲೂ ಮಲಗಿರುತ್ತಿದ್ದಳು.

ಕಳೆದ ವರ್ಷ ನೇರ ಬಸ್ಸು ಬಂತು. ವಿಜಯಪುರ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಇಳಿದವರನ್ನು ಹತ್ತಿಸಿಕೊಂಡು ನಮ್ಮೂರಿಗೆ, ಇಲ್ಲಿಂದ ಬಬಲೇಶ್ವರಕ್ಕೆ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಮೊದಲ ಸಂಜೆ ಹೊತ್ತು ಮುಳುಗುವ ಮುಂಚೆಯೇ ಮನೆಗೆ ಬಂದೆ. ಮಗಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಾಳೀನೂ ಹಿಂಗ ಬರ್ತೀ ಏನಬೇ?" ಎಂದಳು. ಜನ ಹತ್ತದಿದ್ದರೆ ಬಸ್ಸು ನಿಲ್ಲಿಸುತ್ತೇವೆ ಎಂದು ಡಿಪೋದವರು ಮೊದಲೇ ಹೇಳಿದ್ದರು. ನಿಲ್ಲಿಸಲಿಕ್ಕೆಂದೇ ಬಿಟ್ಟಿದ್ದಾರೆ ಎಂಬ ಗುಮಾನಿ ನನಗೆ.

ರೈಲಿನವರೆಲ್ಲ ತಿಕೋಟಾದಲ್ಲಿ ಇಳಿದುಬಿಡುತ್ತಿದ್ದರು. ಬಬಲೇಶ್ವರಕ್ಕೆ ಹೊರಟವರು ಚೀಲ ಹಿಡಿದು ಬರುತ್ತಿದ್ದರು, ಒಳಗೆ ಇಣುಕುತ್ತಿದ್ದರು. "ಒಬ್ಬಾಕೀನ ಬಿಟ್ರ ಯಾರೂ ಇಲ್ಲಲ್ಲ, ಇದು ಹೋಗಂಗಿಲ್ಲ ಬಿಡ್ರಿ" ಎಂದು ಜೀಪಿಗೇ ಹೋಗುತ್ತಿದ್ದರು. ಜೀಪಿನಲ್ಲಿ ಯಾವಾಗಲೂ ಒಂದಿಬ್ಬರು ಇದ್ದೇ ಇರುತ್ತಿದ್ದರು. ನೋಡುತ್ತ ನೋಡುತ್ತ ಗೊತ್ತಾಯಿತು, ದಿನವೂ ಅವರೇ. ಒಬ್ಬ ತಲೆಗೆ ಪಟಕಾ ಸುತ್ತಿದವ, ಇನ್ನೊಬ್ಬ ಎಲೆಅಡಿಕೆ ಮೆಲ್ಲುವವ. ಜೀಪು ತುಂಬಿದ ಕೂಡಲೇ ಮೆಲ್ಲಗೆ ಇಳಿದು ಚಹಾದಂಗಡಿ ಸೇರುತ್ತಿದ್ದರು. ಜೀಪಿನವರು ಸುಮ್ಮನೆ ಕೂಡಲಿಕ್ಕೆಂದೇ ಇಟ್ಟ ಜನ! ನನ್ನ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಹೇಳಿದರೆ ಮಗಳ ಮುತ್ಯಾ, ನನ್ನ ಮಾವ, ನಕ್ಕರು. "ಅದಕ್ಯಾಕ ಸಿಟ್ಟಾಗ್ತಿ ಯವ್ವಾ? ನಾವೂ ಕಟ್ಟಿಮ್ಯಾಲ ಸುಮ್ಮನ ಕುಂತಿರ್ತೇವಿ. ಅದರ ಬದಲಿ ಬಸ್ಸಿನಾಗ ಕುಂದರ್ತೇವಿ."

ಮರುದಿನದಿಂದ ಮಾವ ಮತ್ತು ಅವರ ಗೆಳೆಯರು ಕಿಟಕಿಯ ಸೀಟು ಹಿಡಿದರು. ಇಣುಕಿದವರು ಈಗ "ಹಿರ್ಯಾರು ಕುಂತಾರ ಅಂದ್ರ ಹೋಗ್ತೈತಿ" ಎಂದು ಹತ್ತತೊಡಗಿದರು. ಬಸ್ಸು ತುಂಬಿದರೆ ಹಿರಿಯರು ಇಳಿದು ಕಟ್ಟೆಗೆ ಮರಳುತ್ತಿದ್ದರು. ಕಂಡಕ್ಟರ್ ಓರೆಗಣ್ಣಿನಿಂದ ನೋಡುತ್ತಿದ್ದನೇ ಹೊರತು ಏನೂ ಕೇಳಲಿಲ್ಲ.

ಒಂದು ದಿನ ಬಾಗಿಲಲ್ಲಿ ಡಿಪೋದ ಸಾಹೇಬರು ನಿಂತಿದ್ದರು. ಹಿರಿಯರು ಎದ್ದದ್ದೇ ತಡ, "ಬಸ್ಸು ಹೊಂಟೈತಿ, ನೀವ್ಯಾಕ ಇಳ್ಯಾಕತ್ತೀರಿ ಯಜಮಾನ್ರ? ದಿನಾ ಹಿಂಗ ಏನು?" ಎಂದರು. ನಮ್ಮ ನಾಟಕ ಗೊತ್ತಾದರೆ ನಮ್ಮಿಂದಲೇ ಬಸ್ಸು ನಿಲ್ಲುತ್ತದೆ ಅಂದುಕೊಂಡೆ.

ಮಾವ ಧೋತರ ಸರಿಮಾಡಿಕೊಂಡು ಮತ್ತೆ ಕೂತರು. "ಎಲ್ಲಿ ಇಳಿಯೂದ್ರಿ ಸಾಹೇಬ್ರ? ಕುಂತು ಸೊಂಟ ಹಿಡದಿತ್ತು, ಅದಕ್ಕ ಎದ್ದೆ. ನಮಗೆಲ್ಲಾ ಬಬಲೇಶ್ವರ ಕೊಡ್ರಿ." ಅಂದು ಅವರೆಲ್ಲ ಕೆಲಸವಿಲ್ಲದೆ ಬಬಲೇಶ್ವರ ತಿರುಗಿ, ಸಂಜೆ ನನ್ನನ್ನೇ ಬೈಯುತ್ತ ಮರಳಿದರು.

ಕೆಲವು ವಾರಗಳ ಮೇಲೆ ಬಸ್ಸು ಕಾಯಂ ಆಯಿತು. ಸಂತೋಷದಿಂದ ಮಗಳಿಗೆ ಹೇಳಿದೆ. ಅವಳ ಮುಖ ಅರಳಲಿಲ್ಲ.

"ನಾಳೆ ಮುತ್ಯಾ ಬಸ್ಸಿನಾಗ ಕುಂದರಂಗಿಲ್ಲೇನು?"

"ಇನ್ನ ಬ್ಯಾಡವ್ವಾ, ಮಂದಿ ತಾವ ಹತ್ತತಾರ."

ಅವಳಿಗೆ ನಂಬಿಕೆ ಬರಲಿಲ್ಲ. ಮರುದಿನ ನಾನು ಹೋಗುವಷ್ಟರಲ್ಲಿ ಮುತ್ಯಾನನ್ನು ಎಳೆದುಕೊಂಡು ಬಂದು ಕಿಟಕಿಯ ಸೀಟಿನಲ್ಲಿ ಕೂತಿದ್ದಳು. ಬಸ್ಸು ಕಿಕ್ಕಿರಿದು, ಕಂಡಕ್ಟರ್ ಸೀಟಿ ಊದಿದ ಮೇಲೂ, ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದು ಇಳಿಯಲೊಲ್ಲೆ ಎಂದಳು.