ಮುಗದದ ದಾರಿಯಲ್ಲಿ ಹಿಡಿದ ಮುಂದಿನ ಗಾಲಿ

ನಾವು ಕಮರಿಪೇಟೆ ಬಿಟ್ಟಾಗ ಬಿಸಿಲು ಇನ್ನೂ ಹಂಚಿನ ಮೇಲೇ ಇತ್ತು, ಓಣಿಗೆ ಇಳಿದಿರಲಿಲ್ಲ. ಹೋಗಬೇಕಾದದ್ದು ಮುಗದಕ್ಕೆ, ನನ್ನ ತಂಗಿ ದ್ಯಾಮವ್ವನ ಮನೆಗೆ. ಹೊಸ ಭತ್ತ ಮನೆಗೆ ಬಂದಿದೆ, ಬಂದು ಅಕ್ಕಿ ಒಯ್ಯಿ ಎಂದು ಆಕೆ ಹೇಳಿ ಕಳಿಸಿದ್ದಳು. ಪ್ರತಿ ವರ್ಷ ರೈಲಿಗೆ ಹೋಗುತ್ತಿದ್ದೆ. ಕೆಲವೇ ಆಣೆಯ ಚೀಟಿ, ಕಿಡಕಿಯ ಹತ್ತಿರ ಕೂತರೆ ಕಣ್ಣಿಗೆ ಕಲ್ಲಿದ್ದಲ ಪುಡಿ ಪುಕ್ಕಟೆ. ಈ ಸಲ ಮೊಮ್ಮಗ ನೀಲಕಂಠನ ಫಟಫಟಿ ಮೋಟಾರು ಸೈಕಲ್ಲಿನಲ್ಲಿ ಹೊರಟೆ.

ನೀಲಕಂಠ ಹೊಲಿಗೆ ಯಂತ್ರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಳ್ಳಿ ಹಳ್ಳಿ ತಿರುಗಿ ಯಂತ್ರ ಮಾರಬೇಕು, ಕೆಟ್ಟದ್ದನ್ನು ಬಿಚ್ಚಿ ಕೂಡಿಸಬೇಕು. ಸೈಕಲ್ಲು ತುಳಿದು ಮೊಣಕಾಲು ಹೋದವು ಎಂದು, ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬನ ಹಳೆಯ ಫಟಫಟಿ ಕೊಂಡು ತಂದ. ಅದರ ಎಡಕ್ಕೆ ತೊಟ್ಟಿಲಿನಂಥ ಸೈಡ್‌ಕಾರು. ಅದರಲ್ಲಿ ಯಂತ್ರ ಇಟ್ಟುಕೊಂಡು ತಿರುಗುವ ವಿಚಾರ ಅವನದು. ಮನೆಯಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಬಂದ ದಿನವೇ ಅವನು ಅದನ್ನು ಒಂದು ಹುಲ್ಲಿನ ಬಣವೆಗೆ ಹೊಡೆದಿದ್ದ. ನಮ್ಮ ಮನೆಗೆ ಚಕ್ಕಡಿ ಒಳಗೆ ಬರುವಷ್ಟು ದೊಡ್ಡ ಬಾಗಿಲಿದೆ, ಎರಡು ಕದದ್ದು. ಚಕ್ಕಡಿ ಮಾರಿದ ಮೇಲೆ ಒಂದು ಕದಕ್ಕೆ ಅಗಳಿ ಹಾಕಿಯೇ ಇತ್ತು. ಫಟಫಟಿಗಾಗಿ ಅದನ್ನು ತೆಗೆಯುವುದಿಲ್ಲ ಎಂದೆ. ಅದು ಓಣಿಯಲ್ಲಿ ಗೋಣಿಚೀಲ ಹೊದ್ದು ನಿಲ್ಲುತ್ತಿತ್ತು.

ನನ್ನ ಮಗ, ಅಂದರೆ ಅವನಪ್ಪ, ಭಾರವನ್ನು ನನ್ನ ಮೇಲೆ ಹಾಕಿದ. "ಅವ್ವ ಹೂಂ ಅಂದ್ರ ಇರಲಿ, ಇಲ್ಲಂದ್ರ ಕೊಟ್ಟ ಬಿಡು." ಓಣಿಯ ಬಾಯಿಯಲ್ಲಿ ಕಟ್ಟೆಯ ಮೇಲೆ ಕೂಡುವ ಹತ್ತಿ ದಲಾಲ ಅದನ್ನು ತನಗೆ ಮಾರಿರೆಂದು ಕೇಳುತ್ತಲೇ ಇದ್ದ. ನೋಡದೆ ಬೇಡ ಅನ್ನುವುದು ನನಗೆ ಸೇರಲಿಲ್ಲ.

"ನಾ ಒಂದ ಸಲ ಕುಂತ ನೋಡತೇನಿ," ಎಂದೆ. "ಮುಗದಕ್ಕ ಹೋಗಿ ಬರೂದ್ರಾಗ ಅದು ಕೆಟ್ಟು, ನಾ ಇಳದು ದಾರಿ ತುಳಿಯೂ ಹಂಗ ಆತಂದ್ರ, ಮರುದಿನಾನ ದಲಾಲಗ."

"ಆತ ಆಯಿ," ಎಂದು ನೀಲಕಂಠ ನನ್ನ ಕಾಲು ಮುಟ್ಟಿದ. ಅಷ್ಟು ಭಕ್ತಿಯಿಂದ ಹಬ್ಬಕ್ಕೂ ಮುಟ್ಟಿದವನಲ್ಲ.

ಜೊತೆಗೆ ಅವನ ಹೆಂಡತಿ ಸುಮಿತ್ರಾ. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ದಿನಾ ಮುಂಜಾನೆ ಹಸಿ ಅರಿವೆಯಿಂದ ಫಟಫಟಿಯನ್ನು ಆಕಳ ಮೈ ತೊಳೆದಂತೆ ಒರೆಸಿ, ಹ್ಯಾಂಡಲ್ಲಿಗೆ ಕುಂಕುಮ ಹಚ್ಚುವುದು ಆಕೆಯ ಕೆಲಸ. ಆ ದಿನವೂ ಹಚ್ಚಿ, ಗಂಡನ ಹಿಂದೆ ಅಡ್ಡ ಕೂತಳು. ನಾನು ಸೈಡ್‌ಕಾರಿನಲ್ಲಿ, ತೊಡೆಯ ಮೇಲೆ ಬುತ್ತಿ.

ಉಣಕಲ್ಲಿನ ಕೆರೆಯವರೆಗೆ ಗಾಡಿ ನಿರಾಳವಾಗಿ ಓಡಿತು. ಮುಖಕ್ಕೆ ತಂಪು ಗಾಳಿ ಹೊಡೆಯಿತು. ರೈಲಿನ ಹೊಗೆ ಇಲ್ಲ, ಚಕ್ಕಡಿಯ ಕುಲುಕಾಟ ಇಲ್ಲ. ಎಮ್ಮೆ ಕಾಯುವವರು ದಾರಿ ಬಿಟ್ಟು ನಿಂತು ನೋಡಿದರು. ಚಲೋ ಅನಿಸಿತು.

ಧಾರವಾಡಕ್ಕೆ ಹನ್ನೆರಡು ಹದಿಮೂರು ಮೈಲು. ಅರ್ಧಕ್ಕಿಂತ ಹೆಚ್ಚು ಹೋಗಿ ನವಲೂರಿನ ಏರಿಗೆ ಬಂದಾಗ ಗಾಡಿ ಮುಗ್ಗರಿಸತೊಡಗಿತು. ಎಂಜಿನ್ನು ಒದರುತ್ತಿದೆ, ಗಾಲಿ ಮುಂದೆ ಹೋಗುವುದಿಲ್ಲ. ತಲೆಯ ಮೇಲೆ ಪೇರಲದ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮನ್ನು ದಾಟಿ ಹೋದಳು.

"ಏನವ್ವಾ, ನನ್ನ ಬುಟ್ಟಿ ನಿಮ್ಮ ಗಾಡೀಕಿಂತ ಲಗೂ ಹೊಂಟೈತಿ!"

"ನಿನ್ನ ಬುಟ್ಟಿಗೆ ಕಾಲ ಅದಾವು. ನಮ್ಮದಕ್ಕ ಬರೇ ಬಾಯಿ ಐತಿ," ಎಂದೆ.

ಗಾಡಿ ನಿಂತೇ ಬಿಟ್ಟಿತು. ನಾನು ಸೆರಗು ಕಟ್ಟಿಕೊಂಡು ಏಳುತ್ತಿದ್ದೆ. ನೀಲಕಂಠ ಎರಡೂ ಕೈ ಚಾಚಿದ. "ಆಯಿ, ಇಳೀಬ್ಯಾಡ! ಕೂಡು! ನಾವು ನೂಕತೇವಿ!"

ಕರಾರು ನನ್ನ ಕಾಲಿನದು, ಅವರ ಕಾಲಿನದಲ್ಲ. ನಾನು ಕೂತೆ. ಗಂಡ ಹೆಂಡತಿ ಹಲ್ಲು ಕಚ್ಚಿ ನೂಕಿದರು, ನಾನು ಆ ಬುಟ್ಟಿಯವಳನ್ನು ಕರೆದು ಪೇರಲ ಹಣ್ಣು ಕೊಂಡು ತಿಂದೆ. ಏರಿನ ಮೇಲೆ ಗಿಡದ ನೆರಳಿಗೆ ನಿಲ್ಲಿಸಿ ಅವನು ಎಂಜಿನ್ನಿನೊಳಗಿನ ಒಂದು ತುಂಡು ಬಿಚ್ಚಿ ಮಸಿ ಒರೆಸಿದ, ಎಣ್ಣೆ ನೋಡಿದ, ಊದಿದ. ಮತ್ತೆ ಒದ್ದಾಗ ಗಾಡಿ ಹಗುರಾಗಿ ಓಡಿತು. "ಮಸಿ ಕಟ್ಟಿತ್ತು," ಎಂದ ದೊಡ್ಡ ವೈದ್ಯನ ಹಾಗೆ.

ಆದರೆ ಧಾರವಾಡ ಕಾಣುವಷ್ಟರಲ್ಲಿ ಮತ್ತೆ ಅದೇ ಜಗ್ಗಾಟ. ಸೈಡ್‌ಕಾರಿನಲ್ಲಿ ಕೂತವರ ಮೂಗು ಮುಂದಿನ ಗಾಲಿಗೆ ಎಲ್ಲರಿಗಿಂತ ಹತ್ತಿರ. "ಲೇ, ಅರಿವಿ ಸುಟ್ಟ ವಾಸನಿ ಬರಾಕತ್ತೈತಿ," ಎಂದೆ. ಯಾರೋ ಕಸ ಸುಡುತ್ತಾರೆ ಎಂದ ಅವನು. ಹೊಸಯಲ್ಲಾಪುರಕ್ಕೆ ಬಂದೆವು, ವಾಸನೆ ನಮ್ಮ ಜೊತೆಗೇ ಬಂತು.

ಅಲ್ಲಿ ಸುಮಿತ್ರಾಳ ಚಿಗವ್ವನ ಮನೆ. ಮನೆ ಬಂದಾಗ ಇಳಿಯುವುದು ಕರಾರಿಗೆ ಸೇರಿರಲಿಲ್ಲ, ಇಳಿದೆ. "ಬರ್ರಿ, ಬರ್ರಿ, ಹಂಗ ಹೊಳ್ಳಿ ಹೋದ್ರ ಹೆಂಗ್ರಿ?" ಎಂದು ಚಿಗವ್ವ ಸುಮಿತ್ರಾಳನ್ನು ಒಳಗೆ ಎಳೆದುಕೊಂಡು ಹೋದಳು. ನಾನು ಬಾಗಿಲಲ್ಲೇ ನಿಂತೆ. ನೀಲಕಂಠ ಮುಂದಿನ ಗಾಲಿಯ ನಡುವಿನ ಗುಂಬವನ್ನು ಮುಟ್ಟಿ ಕೈ ಝಾಡಿಸಿದ. ನೀರು ಚಿಮುಕಿಸಿದರೆ ಚುಂಯ್ ಎಂದಿತು, ಒಗ್ಗರಣೆಯ ಸೌಟಿನಂತೆ. ಗಾಡಿಯ ಕೆಳಗೆ ಕಲ್ಲು ಕೊಟ್ಟು ಗಾಲಿ ಎತ್ತಿದ. ಕೈಯಿಂದ ತಿರುವಿದರೆ ಅದು ತಿರುಗಲೊಲ್ಲದು.

"ನೋಡ ಆಯಿ, ಗುಂಬದೊಳಗ ಬ್ರೇಕಿನ ಎರಡು ಲಾಳದಂಥಾವು ಅದಾವು. ಹ್ಯಾಂಡಲ್ಲಿನ ಕಡ್ಡಿ ಜಗ್ಗಿದ್ರ ತಂತಿ ಎಳೀತೈತಿ, ಅವು ಅಗಲಾಗಿ ಗಾಲಿ ಹಿಡೀತಾವು. ಬಿಟ್ರ ಬಿಡಬೇಕು. ಇವು ಬಿಡವಲ್ವು. ತಿಕ್ಕಿ ತಿಕ್ಕಿ ಕಾಯ್ತಾವು, ಕಾದ್ರ ಉಬ್ಬತಾವು, ಉಬ್ಬಿದ್ರ ಮತ್ತ ಬಿಗೀತಾವು."

"ನವಲೂರಾಗ ಮಸಿ ಅಂದಿ?"

"ನಾ ಮಸಿ ಒರಸೂದ್ರಾಗ ಅದು ಆರಿತ್ತು. ಅದಕ್ಕ ಬಿಡ್ತು." ಸ್ವಲ್ಪ ನಾಚಿಕೊಂಡ. ತಂತಿಯ ಮೇಲಿದ್ದ ಒಂದು ದುಂಡನೆಯ ತಿರುಪನ್ನು ಸಡಿಲಿಸಿದ. ಗಾಲಿ ಬೆರಳಿಗೆ ತಿರುಗಿತು. ಈ ತಿರುಪು ಇಷ್ಟು ಬಿಗಿ ಹೇಗಾಯಿತು ಎಂದು ತಲೆ ಕೆರೆದುಕೊಂಡ. ಕೈ ತೊಳೆದು ಒಳಗೆ ಬಂದ. ಅವಲಕ್ಕಿ, ಚಹಾ ಆಯಿತು. ಸುಮಿತ್ರಾ ಎಲ್ಲರಿಗಿಂತ ಮುಂಚೆ ಹೊರಗೆ ಹೋಗಿ ಗಾಡಿಯ ಧೂಳು ಒರೆಸುತ್ತಿದ್ದಳು.

ಮುಗದಕ್ಕೆ ಇನ್ನು ಎಂಟು ಹತ್ತು ಮೈಲು. ಕೆಲಗೇರಿಯ ಕೆರೆ ದಾಟಿದ ಮೇಲೆ ಕರಿ ಮಣ್ಣು ಮುಗಿದು ಕೆಂಪು ಮಣ್ಣು ಬರುತ್ತದೆ. ಎರಡೂ ಕಡೆ ಕೊಯ್ದ ಭತ್ತದ ಗದ್ದೆ, ಹುಲ್ಲಿನ ವಾಸನೆ. ಅದರೊಳಗೆ ಮತ್ತೆ ಸುಟ್ಟ ಅರಿವೆ.

"ಬಂತಪ್ಪಾ," ಎಂದೆ.

ನೀಲಕಂಠ ಗಾಡಿ ನಿಲ್ಲಿಸಿ ಗುಂಬ ಮುಟ್ಟಿದ. ಅವನ ಮುಖ ಸಣ್ಣದಾಯಿತು. ನಾನು ತಂಬಿಗೆಯ ನೀರು ಸುರಿಯುತ್ತೇನೆಂದರೆ ಬೇಡ, ಕಾದ ಲೋಹ ಸೀಳುತ್ತದೆ ಎಂದ. ಆರುವವರೆಗೆ ನಿಲ್ಲುವುದು, ಸ್ವಲ್ಪ ಓಡುವುದು, ಮತ್ತೆ ನಿಲ್ಲುವುದು. ಹಾಗೆಯೇ ಊರು ಮುಟ್ಟಿದೆವು. ನನ್ನ ಕಾಲು ಮಣ್ಣು ಮುಟ್ಟಲಿಲ್ಲ. ಆದರೂ ಅವನು ಸೋತವನಂತೆ ಇದ್ದ.

"ಒಳಗ ಏನೋ ಮುರದೈತಿ ಆಯಿ. ನಾ ಸಡಲ ಮಾಡಿದ್ದು ತಾನ ಬಿಗಿ ಆಗಾಕತ್ತೈತಿ. ಇಂಥಾದ್ದನ್ನ ಕಟಗೊಂಡು ನಾ ಹಳ್ಳಿ ಹೆಂಗ ತಿರಗಲಿ?"

ದ್ಯಾಮವ್ವ ಕಟ್ಟೆಯ ಮೇಲೆಯೇ ಕೂತಿದ್ದಳು. "ಬಾ ಅಕ್ಕಾ. ರೈಲು ಯಾವಾಗೋ ಹೋತು, ನೀ ಈಗ ಬಂದಿ. ಕತ್ತೆ ಮ್ಯಾಲೆ ಬಂದಿದ್ರ ಇನ್ನೂ ಲಗೂ ಬರತಿದ್ದಿ."

"ಕತ್ತೆ ಸವಾರಿ ನಿನಗ ರೂಢಿ, ನನಗಿಲ್ಲ," ಎಂದೆ. ಇಬ್ಬರೂ ನಕ್ಕೆವು. ಆಕೆಯ ಬಾಯಲ್ಲಿ ಈಗ ಹಲ್ಲೇ ಇಲ್ಲ.

ಊಟಕ್ಕೆ ಹೊಸ ಅಕ್ಕಿಯ ಅನ್ನ, ಹುರುಳಿ ಕಟ್ಟಿನ ಸಾರು, ಮೇಲೆ ತುಪ್ಪ. ಹೊಸ ಅಕ್ಕಿ ಅಂಟುತ್ತದೆ, ಆದರೆ ಆ ವಾಸನೆಗೆ ಎರಡು ತುತ್ತು ಹೆಚ್ಚು ಹೋಗುತ್ತದೆ. ನೀಲಕಂಠ ಸರಿಯಾಗಿ ಉಣ್ಣಲಿಲ್ಲ. ಕಣದಲ್ಲಿ ಗೋಣಿ ಹಾಸಿ ಗಾಲಿಯನ್ನೇ ಬಿಚ್ಚಿದ. ಲಾಳ ಸರಿ ಇದ್ದವು, ಅವನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಸರಿ ಇತ್ತು, ತಂತಿ ಎಲ್ಲಿಯೂ ತೊಡರಿರಲಿಲ್ಲ. ಒರೆಸಿ, ಎಣ್ಣೆಯ ಹನಿ ಹಾಕಿ, ತಿರುಗಿ ಕೂಡಿಸಿದ. ತಿರುಪು ಸಡಿಲಿಸಿದ. ಗಾಲಿ ಸೊರ್ರನೆ ತಿರುಗಿತು. ಏನೂ ಮುರಿದಿಲ್ಲ ಎಂಬುದೇ ಅವನಿಗೆ ಹೆಚ್ಚು ಚಿಂತೆಯಾಯಿತು. "ನಾಳೆ ದಲಾಲಗ ಹೇಳಿ ಬಿಡತೇನಿ," ಎಂದು ಹೇಳಿ ಕೈ ತೊಳೆಯಲು ಬಾವಿಗೆ ಹೋದ.

ನಾನು ಅಕ್ಕಿಯ ಗಂಟು ಹಿಡಿದು ಕಣಕ್ಕೆ ಬಂದೆ. ಸುಮಿತ್ರಾ ಗಾಡಿಯ ಕೆಂಪು ಧೂಳು ಒರೆಸುತ್ತಿದ್ದಳು. ಒರೆಸಿ, ಸೊಂಟದ ಸಂಚಿಯಿಂದ ಕುಂಕುಮ ತೆಗೆದು ಹಚ್ಚಿದಳು. ಆಮೇಲೆ ಕೈ ಆ ದುಂಡನೆಯ ತಿರುಪಿಗೆ ಹೋಯಿತು.

"ಏನ ಮಾಡಾಕತ್ತಿ?"

"ಬಿಗಿ ಮಾಡಾಕತ್ತೇನ್ರಿ ಆಯಿ," ಎಂದಳು, ಬಾಗಿಲಿಗೆ ನೀರು ಹಾಕುತ್ತೇನೆ ಅನ್ನುವಷ್ಟು ಸಹಜವಾಗಿ. "ಇದನ್ನ ತಿರುವಿದಷ್ಟು ಬ್ರೇಕು ಛಲೋ ಹಿಡೀತೈತಿ ಅಂತ ಅವರ ಹೇಳ್ಯಾರ. ಬಣವಿಗೆ ಹೊಡದಾಗಿಂದ ನಾ ದಿನಾ ಮುಂಜಾನಿ ಒಂದ ಸುತ್ತು ತಿರುವತೇನ್ರಿ. ಇವತ್ತ ಏನಾಗೇತೋ, ತಾನ ಸಡಲ ಆಗತೈತಿ ನೋಡ್ರಿ. ಹೊಸಯಲ್ಲಾಪುರದಾಗನೂ ಸಡಲ ಆಗಿತ್ತು. ಗಟ್ಟ್ಯಾಗಿ ಬಿಗದೆ."

ಅವನು ತಾನೇ ಬಿಗಿಯುತ್ತದೆ ಎಂದು ಕೂತಿದ್ದ, ಈಕೆ ತಾನೇ ಸಡಿಲಾಗುತ್ತದೆ ಎಂದು. ನಡುವೆ ಗಾಲಿ ಸುಡುತ್ತಿತ್ತು.

ನಾನು ಸುಮ್ಮನಿದ್ದು ಬಿಡಬಹುದಿತ್ತು. ಇನ್ನೆರಡು ಸುತ್ತು ತಿರುವಿದ್ದರೆ ಹಿಂದಿರುಗುವ ದಾರಿಯಲ್ಲಿ ನಾನು ನಡೆದೇ ಬರುತ್ತಿದ್ದೆ, ಫಟಫಟಿಯ ಪೀಡೆ ಹೋಗುತ್ತಿತ್ತು. ಆದರೆ ಉಣಕಲ್ಲಿನ ಗಾಳಿ ನೆನಪಾಯಿತು. ಯಂತ್ರದ ತಪ್ಪಿಲ್ಲದೆ ಯಂತ್ರಕ್ಕೆ ಶಿಕ್ಷೆ ಯಾಕೆ? "ಲೇ ನೀಲ್ಯಾ, ಇಲ್ಲಿ ಬಾ!" ಎಂದು ಕೂಗಿದೆ.

ವಿಷಯ ತಿಳಿದಾಗ ಅವನ ಕಣ್ಣು ಕೆಂಪಾದವು. "ಹುಚ್ಚೀ! ನಿನಗ ಯಾರ ಮುಟ್ಟ ಅಂದ್ರ?"

ಸುಮಿತ್ರಾ ತಲೆ ತಗ್ಗಿಸಲಿಲ್ಲ. "ನೀವ ಹೇಳಿದ್ರಿ. ಬಿಗೀದಿದ್ರ ಮತ್ತ ಬಣವೀನ ಸಿಗತೈತಿ ಅಂತ ಏನ್ ಗ್ಯಾರಂಟಿ? ಕಲ್ಲ ಸಿಕ್ರ?"

ನಾನೆಂದೆ, "ಅಕಿಗೆ ಹಿಡಿಯೂದ ಹೇಳಿ, ಬಿಡೂದ ಹೇಳಲಿಲ್ಲ. ಅರ್ಧಾ ಸಾಲಿ ಕಲಿಸಿ ಪೂರಾ ಜಗಳಾ ಮಾಡಬ್ಯಾಡ. ಈಗ ಗಾಲಿ ಎತ್ತು."

ಎತ್ತಿದ. ತಿರುಪು ತಿರುವಿದ್ದು ಸುಮಿತ್ರಾಳೇ, ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ. ಕಡ್ಡಿ ಜಗ್ಗಿದರೆ ಗಾಲಿ ನಿಲ್ಲಬೇಕು, ಬಿಟ್ಟರೆ ತಡೆಯಿಲ್ಲದೆ ತಿರುಗಬೇಕು. ಬಿಗಿದಳು, ಸಡಿಲಿಸಿದಳು, ಕಿವಿಯನ್ನು ಗುಂಬಕ್ಕೆ ಹಚ್ಚಿ ತಿಕ್ಕುವ ಸದ್ದು ಕೇಳಿದಳು. ಕೊನೆಗೆ, "ಇಲ್ಲೆ ಐತಿ ನೋಡ್ರಿ," ಎಂದಳು. ಅವನೂ ತಿರುವಿ ನೋಡಿದ. ಹೌದೆಂದು ತಲೆ ಆಡಿಸಿದ.

ದ್ಯಾಮವ್ವ ಕಟ್ಟೆಯಿಂದ ಕೇಳಿದಳು, "ಅಕ್ಕಾ, ಸಂಸಾರ ರಿಪೇರಿ ಆತೋ, ಗಾಡಿ ಆತೋ?"

"ಗಾಡಿ ಆತು. ಉಳದದ್ದು ಮನ್ಯಾಗ ನೋಡಕೋತಾರ," ಎಂದೆ.

ಹಿಂದಿರುಗುವಾಗ ಸುಟ್ಟ ವಾಸನೆ ಬರಲಿಲ್ಲ. ನಾನು ದಾರಿಯುದ್ದಕ್ಕೂ ಮೂಗು ಅರಳಿಸಿಕೊಂಡೇ ಕೂತಿದ್ದೆ. ಗದ್ದೆ, ಕೆರೆ, ಧಾರವಾಡದ ಮರಗಳು ಎಲ್ಲ ಹಿಂದೆ ಹೋದವು. ನವಲೂರಿನ ಇಳಿಜಾರಿಗೆ ಕುರಿಯ ಹಿಂಡು ಅಡ್ಡ ಬಂತು. ಸುಮಿತ್ರಾ "ಅಯ್ಯ!" ಎಂದಳು. ನೀಲಕಂಠ ಕಡ್ಡಿ ಜಗ್ಗಿದ. ಗಾಡಿ ನಿಂತಿತು, ಕುರಿ ಹೋದವು, ಬಿಟ್ಟೊಡನೆ ಗಾಡಿ ಹೊರಟಿತು. ಸುಮಿತ್ರಾ ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಶಾಭಾಸ್‌ಗಿರಿಯೋ ಬೈಗುಳವೋ ನಾನು ಕೇಳಲಿಲ್ಲ.

ಹೊತ್ತು ಇಳಿಯುವಾಗ ಕಮರಿಪೇಟೆ ಮುಟ್ಟಿದೆವು. ದಲಾಲ ತನ್ನ ಕಟ್ಟೆಯ ಮೇಲಿದ್ದ. "ಬಂದ್ರಿ? ಎಷ್ಟ ಕಡೆ ನಡಸ್ತು ಆಯಿ?" ಎಂದ.

"ನಿಲ್ಲಸಪ್ಪಾ," ಎಂದೆ ನೀಲಕಂಠನಿಗೆ. ಇಳಿದೆ. ಬಗ್ಗಿ ಮುಂದಿನ ಗಾಲಿಯ ಗುಂಬದ ಮೇಲೆ ಅಂಗೈ ಇಟ್ಟೆ. ಸಂಜೆಯ ಬಾವಿಕಟ್ಟೆಯಷ್ಟು ತಣ್ಣಗಿತ್ತು. ಸೆರಗು ಸರಿ ಮಾಡಿಕೊಂಡು ಮನೆಯ ಕಡೆ ನಡೆಯತೊಡಗಿದೆ.

"ಆಯಿ! ನಡೀಬ್ಯಾಡ!" ನೀಲಕಂಠ ಹಿಂದಿನಿಂದ ಕೂಗಿದ. "ಇನ್ನ ನಾಕ ಮನಿ ಐತಿ, ಕೂಡು! ಕೆಟ್ಟಿಲ್ಲ ಅದು!"

"ಗೊತ್ತೈತಿ," ಎಂದೆ ತಿರುಗದೆ. "ನಾ ಮುಂದ ಹೋಗಿ ಎರಡನೇ ಕದಾ ತಗೀತೇನಿ. ಒಂದ ಕದಾದಾಗ ಇಷ್ಟ ಅಗಲದ್ದು ಹೆಂಗ ಒಳಗ ಬರತೈತಿ?"

ಅಗಳಿ ತುಕ್ಕು ಹಿಡಿದಿತ್ತು. ಒನಕೆಯಿಂದ ಎರಡು ಏಟು ಹಾಕಬೇಕಾಯಿತು. ಕದ ಕಿರ್ ಎಂದು ತೆರೆಯಿತು. ಎಂಜಿನ್ನು ಬಂದ್ ಮಾಡಿ ಗಂಡ ಹೆಂಡತಿ ಗಾಡಿ ನೂಕಿಕೊಂಡು ಬಂದರು. ಹೊಸ್ತಿಲ ಹಲಗೆಯ ಮೇಲೆ ನೀಲಕಂಠ ಹ್ಯಾಂಡಲ್ಲು ಬಿಟ್ಟು ಅಕ್ಕಿಯ ಗಂಟು ಎತ್ತಿಕೊಂಡ. ಉಳಿದದ್ದನ್ನು ಸುಮಿತ್ರಾ ಒಬ್ಬಳೇ ನೂಕಿದಳು. ಗಾಲಿ ಸದ್ದು ಮಾಡಲಿಲ್ಲ, ಹಳೆಯ ಚಕ್ಕಡಿಯ ಜಾಗಕ್ಕೆ ಹೋಗಿ ನಿಂತಿತು.